ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳು

ಗ್ರಂಥಭಂಡಾರವೆಂದರೆ ಕೇವಲ ಗ್ರಂಥಗಳ ರಾಶಿಯಲ್ಲ. ಯಾವ ಗ್ರಂಥ ಎಲ್ಲಿದೆ, ಅದರಲ್ಲಿ ಏನಿದೆ ಎಂಬುದು ತಿಳಿಯದಿದ್ದರೆ ಅಮೂಲ್ಯವಾದ ಗ್ರಂಥವೂ ಇದ್ದೂ ಇಲ್ಲದಂತೆಯೇ ಸರಿ. ಕಣಜದಲ್ಲಿ ತುಂಬಿಟ್ಟ ಬೀಜವು ಹೊಲಕ್ಕೆ ಬಿದ್ದಾಗಲೇ ಬೆಳೆಯಾಗುವಂತೆ, ಭಂಡಾರದಲ್ಲಿಟ್ಟ ಗ್ರಂಥವು ಓದುವವರ ಕೈಸೇರಿದಾಗಲೇ ವಿದ್ಯೆಯಾಗುತ್ತದೆ. ಗ್ರಂಥಗಳನ್ನು ಸಂಗ್ರಹಿಸುವವರು, ಅವುಗಳ ಪಟ್ಟಿಯನ್ನು ಸಿದ್ಧಪಡಿಸುವವರು, ಕಾಪಾಡುವವರು ಮತ್ತು ಓದುಗರ ಮುಂದೆ ತಂದಿಡುವವರು ಇರಬೇಕು. ಇವರ ಕೆಲಸ ಸದ್ದಿಲ್ಲದೆ ನಡೆಯುವಂಥದು. ಅಂತಹ ಸದ್ದಿಲ್ಲದ ದುಡಿಮೆಯಿಂದ ಮರೆತುಹೋಗಿದ್ದ ಒಂದು ಮಹಾಗ್ರಂಥವನ್ನು ಜಗತ್ತಿಗೆ ಮರಳಿ ದೊರಕಿಸಿಕೊಟ್ಟ ಕನ್ನಡನಾಡಿನ ವಿದ್ವಾಂಸರು ರುದ್ರಪಟ್ಟಣದ ಶಾಮಶಾಸ್ತ್ರಿಗಳು.

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ನದಿಯ ದಡದ ಮೇಲೆ ರುದ್ರಪಟ್ಟಣವೆಂಬ ಗ್ರಾಮವಿದೆ. ಸಂಗೀತ ವಿದ್ವಾಂಸರಿಗೂ ಸಂಸ್ಕೃತ ಪಂಡಿತರಿಗೂ ಹೆಸರಾದ ಈ ಊರಿನಲ್ಲಿ ಶಾಮಶಾಸ್ತ್ರಿಗಳು 1868ರಲ್ಲಿ ಜನಿಸಿದರು. ಬಾಲ್ಯದ ವಿದ್ಯಾಭ್ಯಾಸ ಹುಟ್ಟೂರಿನಲ್ಲಿಯೇ ನಡೆಯಿತು. ಬಳಿಕ ಅವರು ಮೈಸೂರಿಗೆ ಬಂದು ಅಲ್ಲಿನ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಸಂಗ ಮಾಡಿ ವಿದ್ವತ್ ಪದವಿಯನ್ನು ಪಡೆದರು. ಹಳೆಯ ಕ್ರಮದ ಪಾಂಡಿತ್ಯದಿಂದಷ್ಟೇ ಅವರಿಗೆ ತೃಪ್ತಿಯಾಗಲಿಲ್ಲ. ಇಂಗ್ಲಿಷ್ ಭಾಷೆಯನ್ನು ಕಲಿತು ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಗಳಿಸಿದರು. ಸಂಸ್ಕೃತ, ಪ್ರಾಕೃತ, ಕನ್ನಡಗಳ ಜೊತೆಗೆ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳ ಪರಿಚಯವನ್ನೂ ಮಾಡಿಕೊಂಡರು. ಹೀಗೆ ಪೂರ್ವದ ಶಾಸ್ತ್ರಜ್ಞಾನವೂ ಪಶ್ಚಿಮದ ಸಂಶೋಧನಾ ವಿಧಾನವೂ ಅವರಲ್ಲಿ ಒಂದುಗೂಡಿದವು.

ಆ ಕಾಲದಲ್ಲಿ ಮೈಸೂರು ಸಂಸ್ಥಾನವು ವಿದ್ಯಾಪ್ರಸಾರಕ್ಕೆ ಹೆಚ್ಚಿನ ಪ್ರೋತ್ಸಾಹ ನೀಡುತ್ತಿತ್ತು. ಹತ್ತನೆಯ ಚಾಮರಾಜೇಂದ್ರ ಒಡೆಯರು 1891ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಭಂಡಾರವೊಂದನ್ನು ಸ್ಥಾಪಿಸಿದರು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗಾಗಿ ನಿರ್ಮಿಸಿದ ಭವ್ಯವಾದ ಜುಬಿಲಿ ಭವನವು ಅದರ ನೆಲೆಯಾಯಿತು. ಮನೆ, ಮಠ, ಅಗ್ರಹಾರಗಳಲ್ಲಿ ಹಂಚಿಹೋಗಿದ್ದ ಓಲೆಗರಿಯ ಗ್ರಂಥಗಳನ್ನು ಒಂದೆಡೆ ಸಂಗ್ರಹಿಸಿ, ಅವು ನಾಶವಾಗದಂತೆ ಕಾಪಾಡಿ, ಯೋಗ್ಯವಾದವುಗಳನ್ನು ಮುದ್ರಿಸಿ ಪ್ರಕಟಿಸುವುದು ಈ ಭಂಡಾರದ ಉದ್ದೇಶವಾಗಿತ್ತು. ಶಾಮಶಾಸ್ತ್ರಿಗಳ ಪಾಂಡಿತ್ಯವನ್ನು ಮೆಚ್ಚಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಶಾಸ್ತ್ರಿಗಳಿಗೆ ಇಲ್ಲಿ ಗ್ರಂಥಪಾಲಕರ ಹುದ್ದೆ ದೊರೆಯುವಂತೆ ಮಾಡಿದರು.

ಓಲೆಗರಿಯ ಗ್ರಂಥಗಳನ್ನು ಕಾಪಾಡುವುದು ಸುಲಭದ ಕೆಲಸವಲ್ಲ. ಹದಮಾಡಿದ ತಾಳೆಯ ಗರಿಗಳ ಮೇಲೆ ಲಿಪಿಕಾರನು ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯುತ್ತಾನೆ. ಅನಂತರ ಮಸಿಯನ್ನು ಸವರಿ ಒರೆಸಿದಾಗ ಗೀರುಗಳಲ್ಲಿ ಮಸಿ ನಿಂತು ಅಕ್ಷರಗಳು ಕಾಣಿಸುತ್ತವೆ. ಗರಿಗಳಿಗೆ ರಂಧ್ರ ಮಾಡಿ, ದಾರವನ್ನು ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಕಟ್ಟುತ್ತಾರೆ. ಇಂತಹ ಕಟ್ಟು ಕೆಲವು ನೂರು ವರ್ಷ ಬಾಳಬಹುದು. ಆದರೆ ಹುಳುಗಳು ಅದನ್ನು ಕೊರೆಯುತ್ತವೆ, ತೇವದಿಂದ ಗರಿಗಳು ಅಂಟಿಕೊಳ್ಳುತ್ತವೆ, ಒಣಗಿದರೆ ಮುಟ್ಟಿದೊಡನೆ ಮುರಿಯುತ್ತವೆ. ಆದುದರಿಂದ ಹಿಂದಿನವರು ಕಾಲಕಾಲಕ್ಕೆ ಹೊಸ ಪ್ರತಿಗಳನ್ನು ಮಾಡಿಸುತ್ತಿದ್ದರು. ಪ್ರತಿಮಾಡುವವರು ಇಲ್ಲವಾದಾಗ ಆ ಗ್ರಂಥದ ಆಯುಷ್ಯವೂ ಮುಗಿಯುತ್ತಿತ್ತು. ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಎಷ್ಟೋ ಗ್ರಂಥಗಳು ಹೆಸರನ್ನು ಮಾತ್ರ ಉಳಿಸಿ ಹೀಗೆ ಮರೆಯಾಗಿವೆ.

ಭಂಡಾರಕ್ಕೆ ಬಂದ ಕಟ್ಟುಗಳನ್ನು ಶಾಮಶಾಸ್ತ್ರಿಗಳು ದಿನವೂ ಒಂದೊಂದಾಗಿ ಬಿಚ್ಚಿ ಪರೀಕ್ಷಿಸುತ್ತಿದ್ದರು. ಅನೇಕ ಕಟ್ಟುಗಳಿಗೆ ಮೊದಲ ಗರಿಯೇ ಇರುತ್ತಿರಲಿಲ್ಲ. ಕೆಲವು ಕಟ್ಟುಗಳಲ್ಲಿ ಎರಡು ಮೂರು ಗ್ರಂಥಗಳು ಬೆರೆತಿರುತ್ತಿದ್ದವು. ಲಿಪಿಗಳೂ ಬೇರೆ ಬೇರೆ. ಪ್ರತಿಯೊಂದನ್ನೂ ಓದಿ, ಗ್ರಂಥದ ಹೆಸರು, ಕರ್ತೃ, ವಿಷಯ, ಲಿಪಿ, ಸ್ಥಿತಿಗತಿಗಳನ್ನು ನಿರ್ಣಯಿಸಿ ಪಟ್ಟಿಯಲ್ಲಿ ಸೇರಿಸಬೇಕಾಗಿತ್ತು. ಈ ಕೆಲಸಕ್ಕೆ ಪಾಂಡಿತ್ಯದಷ್ಟೇ ತಾಳ್ಮೆಯೂ ಬೇಕು. ಒಂದು ಕಟ್ಟನ್ನು ಸರಿಯಾಗಿ ನೋಡದೆ ಬದಿಗಿಟ್ಟರೆ ಅದು ಮತ್ತೆ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಈ ಭಂಡಾರಕ್ಕೆ ಒಂದು ಓಲೆಗರಿಯ ಗ್ರಂಥವನ್ನು ಒಪ್ಪಿಸಿದ್ದರು. ಅದು ತಮಿಳುನಾಡಿನಲ್ಲಿ ಸಂಸ್ಕೃತವನ್ನು ಬರೆಯಲು ಬಳಸುತ್ತಿದ್ದ ಗ್ರಂಥಲಿಪಿಯಲ್ಲಿತ್ತು. ಅದರೊಡನೆ ಭಟ್ಟಸ್ವಾಮಿಯೆಂಬ ವ್ಯಾಖ್ಯಾನಕಾರನ ಟೀಕೆಯ ಒಂದು ಭಾಗವೂ ಇತ್ತು. 1905ರ ಸುಮಾರಿಗೆ ಶಾಮಶಾಸ್ತ್ರಿಗಳು ಇದನ್ನು ಓದತೊಡಗಿದಾಗ ಅವರಿಗೆ ವಿಸ್ಮಯ ಕಾದಿತ್ತು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. ಕೌಟಿಲ್ಯನ ಹೆಸರನ್ನು ವಿದ್ವಾಂಸರು ಬಲ್ಲವರಾಗಿದ್ದರು. ದಂಡಿ, ಬಾಣ ಮೊದಲಾದ ಕವಿಗಳು ಅವನ ಶಾಸ್ತ್ರವನ್ನು ಹೆಸರಿಸಿದ್ದರು. ಕಾಮಂದಕನು ಅವನನ್ನು ಅನುಸರಿಸಿ ನೀತಿಸಾರವನ್ನು ರಚಿಸಿದ್ದನು. ಕಾಳಿದಾಸನ ಕಾವ್ಯಗಳಿಗೆ ಟೀಕೆ ಬರೆದ ಮಲ್ಲಿನಾಥನು ಅದರ ಮಾತುಗಳನ್ನು ಎತ್ತಿಕೊಂಡಿದ್ದನು. ಆದರೆ ಮೂಲಗ್ರಂಥವು ಮಾತ್ರ ಎಲ್ಲಿಯೂ ದೊರೆತಿರಲಿಲ್ಲ. ಅದು ನಷ್ಟವಾಯಿತೆಂದೇ ಹಲವರು ಭಾವಿಸಿದ್ದರು.

ಗ್ರಂಥವನ್ನು ತಂದುಕೊಟ್ಟವರನ್ನು ಶಾಮಶಾಸ್ತ್ರಿಗಳು ತಂಜಾವೂರು ಜಿಲ್ಲೆಯ ಪಂಡಿತರೆಂದಷ್ಟೇ ಸ್ಮರಿಸಿದ್ದಾರೆ. ಆ ಪಂಡಿತರು ತಮ್ಮ ಕೈಯಲ್ಲಿದ್ದ ಕಟ್ಟನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದರೆ ಅದು ಹುಳುಗಳ ಪಾಲಾಗುವ ಭಯವಿತ್ತು. ಅದನ್ನು ಸ್ವೀಕರಿಸುವ ಭಂಡಾರವಿಲ್ಲದಿದ್ದರೆ ಕೊಡಬೇಕೆಂಬ ಮನಸ್ಸಿದ್ದರೂ ಪ್ರಯೋಜನವಿರಲಿಲ್ಲ. ಭಂಡಾರವಿದ್ದರೂ ಅದನ್ನು ಬಿಚ್ಚಿ ಓದಬಲ್ಲ ಗ್ರಂಥಪಾಲಕರಿಲ್ಲದಿದ್ದರೆ ಅದು ಸಾವಿರಾರು ಕಟ್ಟುಗಳ ನಡುವೆ ಇನ್ನೊಂದು ಕಟ್ಟಾಗಿಯೇ ಉಳಿಯುತ್ತಿತ್ತು. ಕೊಡುವವರ ಔದಾರ್ಯ, ಸಂಸ್ಥೆಯ ಆಶ್ರಯ, ಗ್ರಂಥಪಾಲಕರ ಶ್ರದ್ಧೆ ಈ ಮೂರೂ ಒಂದಾದುದರಿಂದಲೇ ಅರ್ಥಶಾಸ್ತ್ರವು ಬೆಳಕು ಕಂಡಿತು.

ಗ್ರಂಥವು ದೊರೆತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಓಲೆಯ ಬರಹದಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ, ವಾಕ್ಯಗಳನ್ನು ಬಿಡಿಸಿ ತೋರಿಸುವ ಚಿಹ್ನೆಗಳೂ ವಿರಳ. ಲಿಪಿಕಾರರ ಕೈತಪ್ಪುಗಳೂ ಸೇರಿಕೊಂಡಿರುತ್ತವೆ. ಹಲವು ಪ್ರತಿಗಳಿದ್ದರೆ ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದಿಕೊಳ್ಳಬಹುದು. ಶಾಸ್ತ್ರಿಗಳಿಗೆ ಮುಖ್ಯ ಆಧಾರವಾಗಿದ್ದುದು ಈ ಪ್ರತಿಯೇ. ಅಲ್ಲದೆ ಗಣಿ, ನಾಣ್ಯ, ತೂಕ, ಅಳತೆ, ಕೋಟೆ, ಸೇನೆಗಳಿಗೆ ಸಂಬಂಧಿಸಿದ ನೂರಾರು ಪಾರಿಭಾಷಿಕ ಶಬ್ದಗಳು ಯಾವ ನಿಘಂಟಿನಲ್ಲಿಯೂ ದೊರೆಯುತ್ತಿರಲಿಲ್ಲ. ಇತರ ಗ್ರಂಥಕಾರರು ಎತ್ತಿಕೊಂಡ ಮಾತುಗಳನ್ನು ಈ ಪ್ರತಿಯೊಡನೆ ಹೋಲಿಸಿ ಇದು ಕೌಟಿಲ್ಯನ ಗ್ರಂಥವೇ ಎಂಬುದನ್ನು ಅವರು ತೋರಿಸಿಕೊಟ್ಟರು. 1905ರಿಂದಲೇ ಕೆಲವು ಭಾಗಗಳ ಇಂಗ್ಲಿಷ್ ಅನುವಾದವು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟವಾಗತೊಡಗಿತು. 1909ರಲ್ಲಿ ಸಂಸ್ಕೃತ ಮೂಲವು ಮೈಸೂರಿನಲ್ಲಿ ಅಚ್ಚಾಯಿತು. 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವು ಹೊರಬಂದಿತು. ಕನ್ನಡನಾಡಿನ ಶಾಸನಗಳ ಅಧ್ಯಯನದಿಂದ ಪ್ರಸಿದ್ಧರಾಗಿದ್ದ ಜೆ.ಎಫ್. ಫ್ಲೀಟ್ ಅವರು ಅದಕ್ಕೆ ಪೀಠಿಕೆಯನ್ನು ಬರೆದುಕೊಟ್ಟರು.

ಅರ್ಥಶಾಸ್ತ್ರದಲ್ಲಿ 15 ಅಧಿಕರಣಗಳೂ 150 ಅಧ್ಯಾಯಗಳೂ ಇವೆ. ರಾಜನ ದಿನಚರಿ, ಮಂತ್ರಿಗಳ ಆಯ್ಕೆ, ಗೂಢಚಾರರು, ನ್ಯಾಯ, ಸಂಧಿ, ಯುದ್ಧ ಇವುಗಳಷ್ಟೇ ಅಲ್ಲ, ಜನಜೀವನದ ಸಣ್ಣ ಸಂಗತಿಗಳೂ ಅದರಲ್ಲಿ ಬಂದಿವೆ. ಬೇಸಾಯದ ಅಧ್ಯಕ್ಷನು ಬೇರೆ ಬೇರೆ ಪ್ರದೇಶಗಳ ಮಳೆಯ ಪ್ರಮಾಣವನ್ನು ಅರಿತಿರಬೇಕು. ನೂಲಿನ ಅಧ್ಯಕ್ಷನು ವಿಧವೆಯರಿಗೂ ಅಂಗವಿಕಲ ಸ್ತ್ರೀಯರಿಗೂ ನೂಲುವ ಕೆಲಸವನ್ನು ಒದಗಿಸಬೇಕು. ಸುಳ್ಳು ತೂಕದಿಂದ ಜನರನ್ನು ವಂಚಿಸುವ ವರ್ತಕನಿಗೆ ದಂಡ ವಿಧಿಸಬೇಕು. ರಾಜ್ಯದ ಲೆಕ್ಕಪತ್ರಗಳನ್ನು ಇಡುವ ಅಕ್ಷಪಟಲವು ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿರಬೇಕು ಮತ್ತು ಪುಸ್ತಕಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿರಬೇಕು ಎಂಬ ವಿವರವೂ ಅದರಲ್ಲಿದೆ. ಬರಹಗಳನ್ನು ಅಚ್ಚುಕಟ್ಟಾಗಿ ಇಡುವುದು ಎಷ್ಟು ಮುಖ್ಯವೆಂಬುದನ್ನು ಆ ಪ್ರಾಚೀನ ಶಾಸ್ತ್ರಕಾರನೂ ಅರಿತಿದ್ದನು.

ಈ ಗ್ರಂಥದ ಪ್ರಕಟಣೆಯಿಂದ ವಿದ್ವತ್ ಪ್ರಪಂಚದಲ್ಲಿ ದೊಡ್ಡ ಸಂಚಲನವುಂಟಾಯಿತು. ಪ್ರಾಚೀನ ಭಾರತೀಯರು ಪರಲೋಕವನ್ನು ಮಾತ್ರ ಚಿಂತಿಸಿದವರು, ರಾಜ್ಯಾಡಳಿತದ ಶಾಸ್ತ್ರವನ್ನು ಅರಿಯದವರು ಎಂದು ಅಂದು ಹಲವು ಪಾಶ್ಚಾತ್ಯ ಲೇಖಕರು ಬರೆಯುತ್ತಿದ್ದರು. ಆ ಅಭಿಪ್ರಾಯವು ನಿಲ್ಲದಾಯಿತು. ಜರ್ಮನ್, ರಷ್ಯನ್ ಮೊದಲಾದ ಭಾಷೆಗಳಿಗೆ ಅರ್ಥಶಾಸ್ತ್ರವು ಅನುವಾದಗೊಂಡಿತು. ಅದರ ಕಾಲದ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಇಂದಿಗೂ ಉಂಟು. ಅದು ಚಂದ್ರಗುಪ್ತ ಮೌರ್ಯನ ಕಾಲದ್ದೆಂದು ಸಂಪ್ರದಾಯವು ಹೇಳುತ್ತದೆ. ಅದು ಒಮ್ಮೆಗೇ ರಚಿತವಾದುದಲ್ಲ, ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ ಹಲವು ಹಂತಗಳಲ್ಲಿ ಬೆಳೆದುದು ಎಂದು ಈಚಿನ ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಒಂದು ಪ್ರತಿ ಬೆಳಕಿಗೆ ಬಂದ ಮೇಲೆ ಇತರ ಪ್ರತಿಗಳ ಶೋಧವೂ ನಡೆಯಿತು. ಕೇರಳವೇ ಮೊದಲಾದ ಕಡೆಗಳಲ್ಲಿ ಬೇರೆ ಪ್ರತಿಗಳು ದೊರೆತವು. ಅವುಗಳ ನೆರವಿನಿಂದ ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳು 1924–25ರಲ್ಲಿ ಒಂದು ಪರಿಷ್ಕರಣವನ್ನು ಹೊರತಂದರು. ಮುಂದೆ ಆರ್.ಪಿ. ಕಂಗಲೆ ಅವರು ಸಿದ್ಧಪಡಿಸಿದ ಪರಿಷ್ಕೃತ ಪಾಠ, ಅನುವಾದ ಮತ್ತು ಅಧ್ಯಯನಗಳನ್ನು ಮುಂಬಯಿ ವಿಶ್ವವಿದ್ಯಾನಿಲಯವು 1960ರಿಂದ 1965ರ ಅವಧಿಯಲ್ಲಿ ಪ್ರಕಟಿಸಿತು. ಹೀಗೆ ಮೊದಲ ಮುದ್ರಣದ ಎಷ್ಟೋ ಪಾಠಗಳನ್ನು ಅನಂತರದವರು ತಿದ್ದಿದರು. ಇದರಿಂದ ಶಾಮಶಾಸ್ತ್ರಿಗಳ ಹಿರಿಮೆಗೆ ಕುಂದಿಲ್ಲ. ಹಾದಿಯನ್ನು ಮೊದಲು ಕಡಿದವರು ಅವರು. ಆ ಹಾದಿಯಲ್ಲಿ ನಡೆದವರು ಅದನ್ನು ಹಸನುಗೊಳಿಸಿದರು.

1912ರಲ್ಲಿ ಶಾಮಶಾಸ್ತ್ರಿಗಳು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ವಿದ್ಯಾಲಯದ ಪ್ರಾಂಶುಪಾಲರಾದರು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಯಿತು. ಪ್ರಾಚ್ಯ ಗ್ರಂಥಭಂಡಾರವು ಅದರ ಅಂಗವಾಯಿತು. 1918ರಲ್ಲಿ ಶಾಸ್ತ್ರಿಗಳು ಈ ಭಂಡಾರದ ಮುಖ್ಯಾಧಿಕಾರಿಯಾಗಿ ಮೈಸೂರಿಗೆ ಮರಳಿದರು. ವಿಶ್ವವಿದ್ಯಾನಿಲಯದ ಭಂಡಾರಕ್ಕೆ ಹೊಣೆ ಹೆಚ್ಚು. ಹಳೆಯದನ್ನು ಕಾಪಾಡುವುದರೊಡನೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಬೇಕಾದ ಶುದ್ಧವಾದ ಪಾಠಗಳನ್ನು ಅದು ಒದಗಿಸಬೇಕು. ಈ ದೃಷ್ಟಿಯಿಂದ ಶಾಸ್ತ್ರಿಗಳು ಸಂಸ್ಕೃತಕ್ಕೆ ಮಾತ್ರ ಗಮನ ಕೊಡದೆ ಕನ್ನಡ ಕಾವ್ಯಗಳ ಸಂಪಾದನೆಯನ್ನೂ ಕೈಗೊಂಡರು. ರುದ್ರಭಟ್ಟನ ಜಗನ್ನಾಥ ವಿಜಯ, ನಯಸೇನನ ಧರ್ಮಾಮೃತ, ಲಿಂಗಣ್ಣನ ಕೆಳದಿನೃಪ ವಿಜಯ, ಗೋವಿಂದವೈದ್ಯನ ಕಂಠೀರವ ನರಸರಾಜ ವಿಜಯ ಇವು ಅವರ ಸಂಪಾದಕತ್ವದಲ್ಲಿ ಪ್ರಕಟವಾದವು. ಓಲೆಗರಿಗಳಲ್ಲಿ ಅಡಗಿದ್ದ ಕಾವ್ಯಗಳು ಹೀಗೆ ಕನ್ನಡಿಗರಿಗೆ ಎಟುಕುವಂತಾದವು.

1922ರಲ್ಲಿ ಅವರು ಮೈಸೂರು ಸಂಸ್ಥಾನದ ಪ್ರಾಕ್ತನ ಸಂಶೋಧನೆಯ ನಿರ್ದೇಶಕರಾದರು. 1929ರಲ್ಲಿ ನಿವೃತ್ತರಾಗುವವರೆಗೂ ಶಾಸನಗಳ ಅಧ್ಯಯನದಲ್ಲಿ ತೊಡಗಿದ್ದರು. ಕಲ್ಕತ್ತ ವಿಶ್ವವಿದ್ಯಾನಿಲಯವು ಅವರಿಗೆ 1921ರಲ್ಲಿ ಡಾಕ್ಟರೇಟ್ ಪದವಿಯನ್ನಿತ್ತು ಗೌರವಿಸಿತು. ಮೈಸೂರು ಮಹಾರಾಜರು ಅರ್ಥಶಾಸ್ತ್ರ ವಿಶಾರದ ಎಂಬ ಬಿರುದನ್ನೂ ಭಾರತ ಸರ್ಕಾರವು ಮಹಾಮಹೋಪಾಧ್ಯಾಯ ಎಂಬ ಪ್ರಶಸ್ತಿಯನ್ನೂ ನೀಡಿದವು. ಇಷ್ಟು ಕೀರ್ತಿ ಬಂದರೂ ಅವರ ವ್ಯಾಸಂಗ ನಿಲ್ಲಲಿಲ್ಲ. ನಿವೃತ್ತಿಯ ಬಳಿಕವೂ ವೇದಾಂಗ ಜ್ಯೋತಿಷದಂತಹ ಕಠಿಣವಾದ ವಿಷಯಗಳನ್ನು ಕುರಿತು ಬರೆದರು. 1944ರಲ್ಲಿ ಅವರು ನಿಧನ ಹೊಂದಿದರು.

ಮೈಸೂರಿನ ಆ ಭಂಡಾರವು ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಹೆಸರಾಗಿದೆ. ಶಾಸ್ತ್ರಿಗಳು ಓದಿದ ಅರ್ಥಶಾಸ್ತ್ರದ ಓಲೆಗಳು ಅಲ್ಲಿಯೇ ಇವೆ. ಶಾಸ್ತ್ರಿಗಳ ಶೋಧವನ್ನು ಅದೃಷ್ಟದ ಫಲವೆಂದು ಹೇಳುವುದುಂಟು. ಆದರೆ ದಿನವೂ ಕಟ್ಟುಗಳನ್ನು ಬಿಚ್ಚಿ ಓದುತ್ತಿದ್ದವರಿಗೆ ಮಾತ್ರ ಒಲಿಯಬಹುದಾದ ಅದೃಷ್ಟವದು. ನಮ್ಮ ನಾಡಿನ ಮನೆಗಳಲ್ಲಿ, ಮಠಗಳಲ್ಲಿ ಓದದೆ ಉಳಿದ ಓಲೆಗಳು ಇನ್ನೂ ಇವೆ. ಭಂಡಾರಗಳ ಕಪಾಟುಗಳಲ್ಲಿ ಸರಿಯಾಗಿ ಪರೀಕ್ಷಿಸಬೇಕಾದ ಕಟ್ಟುಗಳೂ ಇವೆ. ಅವುಗಳನ್ನು ಸಂಗ್ರಹಿಸಿ, ಪಟ್ಟಿಮಾಡಿ, ಓದಿ, ಮುಂದಿನವರಿಗೆ ಒಪ್ಪಿಸುವ ಹೊಣೆಯನ್ನು ಹೊರುವವರು ಪ್ರತಿಯೊಂದು ತಲೆಮಾರಿನಲ್ಲಿಯೂ ಬೇಕು. ಶಾಮಶಾಸ್ತ್ರಿಗಳು ತಮ್ಮ ಪಾಲಿನ ಆ ಹೊಣೆಯನ್ನು ಪೂರ್ಣವಾಗಿ ನಿರ್ವಹಿಸಿದ ಧನ್ಯಜೀವಿಗಳು.