ಊಟದ ತಟ್ಟೆಯ ಮೆಣಸಿನಕಾಯಿ

ಬಾಳೆಹಣ್ಣನ್ನು ಕೊಯ್ದು ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ನಿಂಬೆಹಣ್ಣು ಹಾಗೆ ಆಗುವುದಿಲ್ಲ. ಇದನ್ನು ನೀವೂ ನೋಡಿರುತ್ತೀರಿ. ಹೀಗೇಕೆ ಎಂದು ವರ್ಷಗಟ್ಟಲೆ ಯೋಚಿಸಿದವರು ಆಲ್ಬರ್ಟ್ ಸೆಂಟ್ ಜ್ಯಾರ್ಜಿ. ಅವರು 1893ರಲ್ಲಿ ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದರು.

ಕೊಯ್ದ ಹಣ್ಣಿಗೆ ಗಾಳಿಯಲ್ಲಿರುವ ಆಮ್ಲಜನಕ ತಗಲುವುದರಿಂದ ಅದರ ಬಣ್ಣ ಕೆಡುತ್ತದೆ. ನಿಂಬೆಯಂಥ ಹಣ್ಣುಗಳಲ್ಲಿ ಇದನ್ನು ತಡೆಯುವ ವಸ್ತುವಿದೆ. ಇಂಥ ವಸ್ತುವನ್ನು ಉತ್ಕರ್ಷಣ ನಿರೋಧಕ ಎನ್ನುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದಾಗ ಸೆಂಟ್ ಜ್ಯಾರ್ಜಿ ಅದನ್ನು ಪ್ರಾಣಿಗಳ ಗ್ರಂಥಿಗಳಿಂದ ಬೇರ್ಪಡಿಸಿದರು. ಆದರೆ ಸಿಕ್ಕಿದ್ದು ಚಿಟಿಕೆಯಷ್ಟು! ಮುಂದೆ ಅಮೆರಿಕದಲ್ಲಿ ರಾಶಿ ರಾಶಿ ಗ್ರಂಥಿಗಳನ್ನು ತರಿಸಿದರೂ ದೊರೆತದ್ದು ಸುಮಾರು 25 ಗ್ರಾಂ. ಅಷ್ಟರಲ್ಲಿ ಅದರ ಗುಟ್ಟು ತಿಳಿಯಲಿಲ್ಲ.

ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗುತ್ತಿದ್ದ ನಾವಿಕರಿಗೆ ತಾಜಾ ಹಣ್ಣು, ತರಕಾರಿ ಸಿಗುತ್ತಿರಲಿಲ್ಲ. ಅವರಿಗೆ ಸ್ಕರ್ವಿ ರೋಗ ಬರುತ್ತಿತ್ತು. ವಸಡಿನಿಂದ ರಕ್ತ ಸೋರಿ, ಶಕ್ತಿಗುಂದಿ, ಸಾವಿರಾರು ಜನ ಸತ್ತರು. 1932ರ ಹೊತ್ತಿಗೆ ಸೆಂಟ್ ಜ್ಯಾರ್ಜಿ ತಮ್ಮ ದೇಶದ ಸೆಗೆಡ್ ಊರಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಗಿನಿಯಿಲಿಗಳಿಗೆ ಈ ವಸ್ತುವನ್ನು ಕೊಟ್ಟು ನೋಡಿದರು. ಅವುಗಳಿಗೆ ಸ್ಕರ್ವಿ ಬರಲಿಲ್ಲ. ಹಾಗಾದರೆ ಇದೇ 'ಸಿ' ಜೀವಸತ್ವ! ಆದರೆ ಇನ್ನಷ್ಟು ಬೇಕಲ್ಲ, ಎಲ್ಲಿಂದ ತರುವುದು?

ಒಂದು ರಾತ್ರಿ ಅವರ ಹೆಂಡತಿ ಊಟಕ್ಕೆ ದಪ್ಪ ಕೆಂಪು ಮೆಣಸಿನಕಾಯಿ ಬಡಿಸಿದರು. ಸೆಗೆಡ್ ಊರು ಈ ಮೆಣಸಿನಕಾಯಿಗೇ ಹೆಸರುವಾಸಿ. ಸೆಂಟ್ ಜ್ಯಾರ್ಜಿಯವರಿಗೆ ತಿನ್ನಲು ಮನಸ್ಸಿರಲಿಲ್ಲ. ಬೇಡವೆನ್ನಲು ಧೈರ್ಯವೂ ಇರಲಿಲ್ಲ! ಪರೀಕ್ಷಿಸುವ ನೆಪ ಹೇಳಿ ಅದನ್ನು ಪ್ರಯೋಗಾಲಯಕ್ಕೆ ಒಯ್ದರು. ನಡುರಾತ್ರಿಯ ಹೊತ್ತಿಗೆ ತಿಳಿಯಿತು, ಅದರ ತುಂಬ 'ಸಿ' ಜೀವಸತ್ವ. ಕೆಲವೇ ವಾರಗಳಲ್ಲಿ ಒಂದು ಕಿಲೋಗಿಂತ ಹೆಚ್ಚು ಸಿದ್ಧವಾಯಿತು. ಅದನ್ನು ಅವರು ಬಚ್ಚಿಡಲಿಲ್ಲ, ಬೇರೆ ವಿಜ್ಞಾನಿಗಳಿಗೂ ಹಂಚಿದರು. ನಮ್ಮ ನೆಲ್ಲಿಕಾಯಿ, ಸೀಬೆಹಣ್ಣುಗಳಲ್ಲೂ ಇದು ಹೇರಳವಾಗಿದೆ.

ಸ್ಕರ್ವಿಯನ್ನು ತಡೆಯುವುದರಿಂದ ಇದಕ್ಕೆ ಆಸ್ಕಾರ್ಬಿಕ್ ಆಮ್ಲ ಎಂದು ಹೆಸರಿಟ್ಟರು. ಇಂದು ಕಾರ್ಖಾನೆಗಳು ಇದನ್ನು ಗ್ಲೂಕೋಸಿನಿಂದ ತಯಾರಿಸುತ್ತವೆ. ಹಣ್ಣಿನ ರಸದ ಬಣ್ಣ, ರುಚಿ ಕೆಡದಂತೆ ಸೇರಿಸುತ್ತವೆ. ರಸದ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಐ.ಎನ್.ಎಸ್. 300 ಎಂದಿದ್ದರೆ ಅದು ಇದೇ.

1937ರಲ್ಲಿ ಸೆಂಟ್ ಜ್ಯಾರ್ಜಿಯವರಿಗೆ ನೊಬೆಲ್ ಪ್ರಶಸ್ತಿ ಬಂತು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನನ್ನು ವಿರೋಧಿಸಿ ತಲೆಮರೆಸಿಕೊಂಡು ಬದುಕಬೇಕಾಯಿತು. 1947ರಲ್ಲಿ ಅಮೆರಿಕಕ್ಕೆ ಹೋಗಿ, ಕಡಲತೀರದ ವುಡ್ಸ್ ಹೋಲ್ ಎಂಬ ಊರಿನಲ್ಲಿ ಸಂಶೋಧನೆ ಮುಂದುವರಿಸಿದರು. 1986ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ 93 ವರ್ಷ.