ತಗಡು, ಸೆಣಬು ಮತ್ತು ರೈಲ್ವೆ ಟೈಂಟೇಬಲ್ಲು: ಜಗದೀಶಚಂದ್ರ ಬೋಸ್



ಜಗದೀಶಚಂದ್ರ ಬೋಸರು ಅಂದ ಕೂಡಲೆ ಗಿಡಗಳ ವಿಜ್ಞಾನಿ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಪರೀಕ್ಷೆಯಲ್ಲೂ ಅಷ್ಟಕ್ಕೇ ಒಂದು ಮಾರ್ಕು. ಆದರೆ ಗಿಡಗಳ ಕಡೆಗೆ ಹೋಗುವ ಮೊದಲು ಅವರು ರೇಡಿಯೋ ಅಲೆಗಳ ಮೇಲೆ ಕೆಲಸ ಮಾಡಿದವರು. ಮನೆಯಲ್ಲಿ ವೈರು, ಸೆಲ್ಲು, ಹಳೇ ರೇಡಿಯೋ ಬಿಚ್ಚಿಟ್ಟುಕೊಂಡು ಬೈಸಿಕೊಳ್ಳುವವರು ನಮ್ಮ ಕ್ಲಾಸಲ್ಲೂ ಇದ್ದಾರಲ್ಲ, ಅವರು ಇದನ್ನು ಓದಲೇಬೇಕು.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಆಗಿನ ಬಂಗಾಳ ಪ್ರಾಂತ್ಯದಲ್ಲಿ. ಆ ಊರು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಭಗವಾನ್‌ಚಂದ್ರ ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದರು. ಆ ಕಾಲದಲ್ಲಿ ಅಂಥವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ಮರ್ಯಾದೆ. ತಂದೆ ಹಾಗೆ ಮಾಡಲಿಲ್ಲ. ಮೊದಲು ತಾಯಿನುಡಿ ಬರಲಿ, ನಮ್ಮ ಜನ ಗೊತ್ತಾಗಲಿ ಅಂತ ಮಗನನ್ನು ಬಂಗಾಳಿ ಶಾಲೆಗೇ ಹಾಕಿದರು. ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದದ್ದು ಒಂದು ಕಡೆ ತಂದೆಯ ಮುಸಲ್ಮಾನ ಜವಾನನ ಮಗ, ಇನ್ನೊಂದು ಕಡೆ ಬೆಸ್ತರ ಹುಡುಗ. ಅವರು ಹೇಳುವ ಹಕ್ಕಿ, ಮೀನು, ಪ್ರಾಣಿಗಳ ಕಥೆ ಕೇಳುತ್ತಾ ಇವರು ಬೆಳೆದರು. ಸ್ನೇಹಿತರು ಮನೆಗೆ ಬಂದರೆ ತಾಯಿ ಜಾತಿ ಕೇಳದೆ ಎಲ್ಲರಿಗೂ ಒಟ್ಟಿಗೆ ತಿಂಡಿ ಕೊಡುತ್ತಿದ್ದರು. ನೂರೈವತ್ತು ವರ್ಷಕ್ಕೂ ಹಿಂದಿನ ಮಾತಿದು, ನೆನಪಿರಲಿ.

ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ಸ್, ಅಲ್ಲಿಂದ ಇಂಗ್ಲೆಂಡು. ಡಾಕ್ಟರಾಗಲು ಹೋದವರು ಜ್ವರ ಬಿಡದ್ದರಿಂದ ಅದನ್ನು ಕೈಬಿಟ್ಟು ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದಿದರು. ಲಾರ್ಡ್ ರ‍್ಯಾಲೆ ಅವರ ಗುರುಗಳಲ್ಲಿ ಒಬ್ಬರು.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆದರೆ ಒಂದೇ ಪಾಠ ಮಾಡುವ ಇಬ್ಬರಿಗೆ ಎರಡು ಥರ ಸಂಬಳ! ಬಿಳಿಯರಿಗೆ ಸಿಗುವುದರಲ್ಲಿ ಮೂರರಲ್ಲಿ ಎರಡು ಪಾಲು ಭಾರತೀಯರಿಗೆ, ಹಂಗಾಮಿ ನೌಕರರಾದರೆ ಅದರಲ್ಲೂ ಅರ್ಧ. ಬೋಸರು ಜಗಳ ಆಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ದಿನಾ ಹೋಗಿ ಚೆನ್ನಾಗಿ ಪಾಠ ಮಾಡಿದರು, ಸಂಬಳ ಮಾತ್ರ ಮುಟ್ಟಲಿಲ್ಲ. ಒಂದು ತಿಂಗಳಲ್ಲ, ಮೂರು ವರ್ಷ! ಅದೂ ತಂದೆ ಮೈತುಂಬ ಸಾಲ ಮಾಡಿಕೊಂಡಿದ್ದ ಸಮಯ. ಕೊನೆಗೆ ಕಾಲೇಜಿನವರೇ ಸೋತು ಕೆಲಸ ಕಾಯಂ ಮಾಡಿ, ಹಿಂದಿನದೆಲ್ಲ ಸೇರಿಸಿ ಪೂರ್ತಿ ಸಂಬಳ ಕೊಟ್ಟರು. ಆ ಹಣ ತಂದೆಯ ಸಾಲಕ್ಕೆ ಹೋಯಿತು.

ಈಗ ಅವರ ಪ್ರಯೋಗಶಾಲೆಗೆ ಬರೋಣ. ಶಾಲೆ ಅನ್ನುವುದೇ ಜಾಸ್ತಿ. ಬಚ್ಚಲಿಗೆ ಅಂಟಿಕೊಂಡ 24 ಚದರ ಅಡಿ ಜಾಗ, ಅಂದರೆ 6 ಅಡಿಗೆ 4 ಅಡಿ. ಸಹಾಯಕ್ಕೆ ಒಬ್ಬ ತಗಡಿನ ಕೆಲಸದವ. ಅವನಿಗೆ ಬೋಸರೇ ಹೇಳಿಕೊಟ್ಟು ಉಪಕರಣ ಮಾಡಿಸಿದರು. ಖರ್ಚು ಬಹುಪಾಲು ಸ್ವಂತದ್ದು.

ಅದಕ್ಕೂ ಕೆಲವು ವರ್ಷ ಮೊದಲು ಜರ್ಮನಿಯ ಹರ್ಟ್ಜ್ ವಿದ್ಯುತ್ ಅಲೆಗಳನ್ನು ಕಂಡುಹಿಡಿದಿದ್ದರು. ಅವರ ಅಲೆಗಳು ಉದ್ದ. ಅವು ಬೆಳಕಿನ ಹಾಗೆ ಬಾಗುತ್ತವೆ ಅಂತ ತೋರಿಸಲು ಒಂದೂವರೆ ಮೀಟರ್ ಎತ್ತರದ, ಸುಮಾರು 600 ಕಿಲೋ ತೂಕದ ಡಾಂಬರಿನಂಥ ವಸ್ತುವಿನ ಪ್ರಿಸಂ ಬೇಕಾಯಿತು. ಬೋಸರ ಜಾಗದಲ್ಲಿ ಅದನ್ನಿಟ್ಟರೆ ಬೋಸರಿಗೆ ನಿಲ್ಲಲು ಜಾಗ ಎಲ್ಲಿ? ಅವರು ಅಲೆಯನ್ನೇ ಚಿಕ್ಕದು ಮಾಡಿದರು, ಸುಮಾರು 5 ಮಿಲಿಮೀಟರ್‌ವರೆಗೆ. ಅಲೆ ಚಿಕ್ಕದಾದರೆ ಸಾಮಾನೂ ಚಿಕ್ಕದಾಗುತ್ತದೆ. ಎಲ್ಲಾ ಒಂದು ಮೇಜಿನ ಮೇಲೆ ಹಿಡಿಸಿತು. ಅಲೆ ಹಿಡಿಯಲು ಬೇರೆಯವರು ಗಾಜಿನ ಕೊಳವೆಯಲ್ಲಿ ಅರದ ಪುಡಿ ತುಂಬುತ್ತಿದ್ದರು, ಪ್ರತಿ ಸಲ ತಟ್ಟಬೇಕು. ಬೋಸರು ಪುಡಿ ಬಿಟ್ಟು ಸಣ್ಣ ಉಕ್ಕಿನ ಸ್ಪ್ರಿಂಗುಗಳನ್ನು ಒತ್ತಾಗಿ ಜೋಡಿಸಿದರು.

ನನಗೆ ಬಹಳ ಇಷ್ಟವಾದದ್ದು ಇದು. ಒಂದೇ ದಿಕ್ಕಿನಲ್ಲಿ ಆಡುವ ಅಲೆಗಳನ್ನಷ್ಟೇ ಬಿಡಲು ಒಂದು ಸೋಸುವ ಸಾಧನ ಬೇಕಿತ್ತು. ಬೋಸರು ಬ್ರಾಡ್‌ಶಾ ರೈಲ್ವೆ ಟೈಂಟೇಬಲ್ ಪುಸ್ತಕ ತಗೊಂಡು ಹಾಳೆ ಹಾಳೆಯ ನಡುವೆ ತವರದ ತಗಡು ಇಟ್ಟರು. ಆಯ್ತು! ಆ ಅಲೆಗಳ ದಿಕ್ಕು ತಿರುಗಿಸಲು ಹುರಿ ಮಾಡಿದ ಸೆಣಬಿನ ಕಟ್ಟು. ನಮ್ಮಲ್ಲಿ ಗೋಣಿಚೀಲಕ್ಕೆ ಬರುತ್ತಲ್ಲ, ಅದೇ ಸೆಣಬು.

1895ರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಜನರ ಮುಂದೆ ವೈರಿಲ್ಲದೆ ದೂರದ ಗಂಟೆ ಬಾರಿಸಿ, ಮದ್ದಿನ ಪುಡಿ ಸಿಡಿಸಿದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅದೇ ಉಪಕರಣ ಇಟ್ಟು ಉಪನ್ಯಾಸ ಕೊಟ್ಟರು.

ಮಾರ್ಕೋನಿ ಇವರಿಂದ ಕದ್ದ ಅಂತ ಕೆಲವರು ಹೇಳುತ್ತಾರೆ. ಅಷ್ಟು ಸುಲಭವಾಗಿ ಹೇಳಬಾರದು. ಮಾರ್ಕೋನಿಗೆ ಸುದ್ದಿ ಕಳಿಸುವ ವ್ಯಾಪಾರ ಮುಖ್ಯ, ಬೋಸರಿಗೆ ಅಲೆಯ ಗುಣ ತಿಳಿಯುವುದು ಮುಖ್ಯ. ಆದರೆ 1901ರಲ್ಲಿ ಅಟ್ಲಾಂಟಿಕ್ ದಾಟಿ ಬಂದ ಸಂಕೇತವನ್ನು ಹಿಡಿಯಲು ಮಾರ್ಕೋನಿ ಬಳಸಿದ ಪಾದರಸದ ಸಾಧನದಂಥದ್ದನ್ನೇ ಬೋಸರು 1899ರಲ್ಲಿ ಪ್ರಕಟಿಸಿದ್ದರು, ಇದು ನಿಜ. 1909ರ ನೊಬೆಲ್ ಮಾರ್ಕೋನಿ ಮತ್ತು ಬ್ರೌನ್‌ಗೆ ಹೋಯಿತು.

ಪೇಟೆಂಟ್ ಅಂದರೆ ಬೋಸರಿಗೆ ಆಗುತ್ತಿರಲಿಲ್ಲ, ಜ್ಞಾನ ಮಾರುವುದು ಅವರಿಗೆ ಹಿಡಿಸದು. ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಎಂಬ ಅಮೆರಿಕದ ಹೆಂಗಸು ಹಟ ಹಿಡಿದು ಒಂದಕ್ಕೆ ಅರ್ಜಿ ಹಾಕಿಸಿದರು, 1904ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಅದು ಗ್ಯಾಲೀನಾ ಎಂಬ ಸೀಸದ ಅದಿರಿನ ಹರಳಿನದು. ಹರಳಿಗೆ ಲೋಹದ ಮೊನೆ ಮುಟ್ಟಿಸಿದರೆ, ಅಲೆ ಬಿದ್ದಾಗ ಅಲ್ಲಿ ಹರಿಯುವ ಕರೆಂಟು ಬದಲಾಗುತ್ತದೆ. ಮುಂದೆ ಜನ ಮನೆಯಲ್ಲೇ ಜೋಡಿಸಿಕೊಂಡ, ಸೆಲ್ಲೇ ಬೇಡದ ಕ್ರಿಸ್ಟಲ್ ರೇಡಿಯೋ ಇದೇ ಜಾತಿಯದು. ರಿಪೇರಿ ಅಂಗಡಿಯಲ್ಲಿ ಸಿಗುವ ಡಯೋಡು ಅದರ ಮೊಮ್ಮಗ ಅನ್ನಬಹುದು.

ಆಮೇಲೆ ಅವರು ಗಿಡಗಳ ಕಡೆ ಹೊರಟರು. ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಮಾಡಿದ್ದು ಆಗಲೇ. ಅದು ನಮ್ಮ ಪಾಠದಲ್ಲಿದೆ, ಇಲ್ಲಿ ಬೇಡ. 1917ರ ನವೆಂಬರ್ 30ರಂದು, ತಮ್ಮ ಹುಟ್ಟಿದ ದಿನವೇ, ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಮಂದಿರ ತೆರೆದರು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು.

ಅವರ 5 ಮಿಲಿಮೀಟರ್ ಅಲೆ ಅಂದರೆ ಸೆಕೆಂಡಿಗೆ 6000 ಕೋಟಿ ಕಂಪನ. ಅಷ್ಟು ಚಿಕ್ಕ ಅಲೆ ಯಾರಿಗೂ ಬೇಡವಾಗಿ ಬಹಳ ವರ್ಷ ಮೂಲೆಯಲ್ಲಿತ್ತು. ಈಗ ಮೊಬೈಲಿನವರೂ ರೇಡಾರಿನವರೂ ಮಿಲಿಮೀಟರ್ ಅಲೆ ಅಂತ ಅದರ ಹಿಂದೆಯೇ ಬಿದ್ದಿದ್ದಾರೆ.