ಸೂಪಶಾಸ್ತ್ರಕಾರ ಕಲ್ಲಹಳ್ಳಿಯ ಮಂಗರಸ

ಜಿನಧರ್ಮವು ಕನ್ನಡ ನಾಡಿಗೆ ಇತ್ತ ಕಾಣಿಕೆಗಳನ್ನು ಸ್ಮರಿಸುವಾಗ ಬಸದಿಗಳು, ಮಾನಸ್ತಂಭಗಳು, ಮಹಾಕಾವ್ಯಗಳು ಮೊದಲು ಕಣ್ಮುಂದೆ ನಿಲ್ಲುತ್ತವೆ. ಆದರೆ ಶ್ರಾವಕನ ಧರ್ಮವು ದಿನದಿನವೂ ಪರೀಕ್ಷೆಗೆ ಒಳಗಾಗುವುದು ಊಟದ ಎಲೆಯ ಮುಂದೆ. ಇದನ್ನು ಅರಿತು ಅಡಿಗೆಯನ್ನೇ ಕೃತಿಯ ವಸ್ತುವನ್ನಾಗಿ ಮಾಡಿಕೊಂಡ ಜೈನಕವಿಯೊಬ್ಬನು ಕಟ್ಟೆಮಳಲವಾಡಿಯಿರುವ ಈ ಹುಣಸೂರು ಸೀಮೆಯಲ್ಲಿಯೇ ಬಾಳಿದನೆಂಬುದು ಇಲ್ಲಿನ ಶ್ರಾವಕರಿಗೆಲ್ಲ ಹೆಮ್ಮೆಯ ಸಂಗತಿ. ಆತನೇ ಸಾಹಿತ್ಯ ಚರಿತ್ರೆಯಲ್ಲಿ ಮೂರನೆಯ ಮಂಗರಸನೆಂದು ಪ್ರಸಿದ್ಧನಾದ ಕಲ್ಲಹಳ್ಳಿಯ ಮಂಗರಸ. ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದ ಮಂಗರಾಜನು ಇವನಿಗಿಂತ ಹಿಂದಿನವನು, ಅವನೇ ಬೇರೆ.

ಮಂಗರಸನ ಕಾಲ ಕ್ರಿ.ಶ. 1508ರ ಸುಮಾರು. ತಂದೆ ವಿಜಯಭೂಪಾಲ, ತಾಯಿ ದೇವಿಲೆ. ಇವರದು ಚೆಂಗಾಳ್ವ ಅರಸರ ಸಚಿವಕುಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಇವರ ಊರು. ಸುಮಾರು ನಾಲ್ಕೂವರೆ ಶತಮಾನಗಳ ತರುವಾಯ ಇದೇ ಕಲ್ಲಹಳ್ಳಿ ಮುಖ್ಯಮಂತ್ರಿ ದೇವರಾಜ ಅರಸರ ಊರೆಂದು ನಾಡಿಗೆಲ್ಲ ಪರಿಚಿತವಾಯಿತು. ರಾಜಕಾರ್ಯದ ಮನೆತನದಲ್ಲಿ ಹುಟ್ಟಿಯೂ ಮಂಗರಸನು ಸರಸ್ವತಿಯ ಸೇವೆಯನ್ನು ಕೈಬಿಡಲಿಲ್ಲ. ಜಯನೃಪಕಾವ್ಯ, ಪ್ರಭಂಜನಚರಿತೆ, ಶ್ರೀಪಾಲಚರಿತೆ, ನೇಮಿಜಿನೇಶಸಂಗತಿ, ಸಮ್ಯಕ್ತ್ವಕೌಮುದಿ ಎಂಬ ಐದು ಧರ್ಮಕೃತಿಗಳ ಜೊತೆಗೆ ಸೂಪಶಾಸ್ತ್ರವನ್ನೂ ರಚಿಸಿದನು.

ಆತನು ಬಾಳಿದ ಪರಿಸರವನ್ನು ನೆನೆದರೆ ಈ ಕೃತಿಯ ಬೆಲೆ ಇನ್ನಷ್ಟು ತಿಳಿಯುತ್ತದೆ. ಚೆಂಗಾಳ್ವರು ಹನ್ನೊಂದನೆಯ ಶತಮಾನದಲ್ಲಿ ಹನಸೋಗೆಯ ಬಸದಿಗಳಿಗೆ ಆಶ್ರಯದಾತರಾಗಿದ್ದರು. ಮಂಗರಸನ ಕಾಲಕ್ಕೆ ಆ ವಂಶದವರು ಶೈವಭಕ್ತರಾಗಿ, ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನನ್ನು ಆರಾಧಿಸುತ್ತಿದ್ದರು. ಸುತ್ತ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ದಟ್ಟ ಕಾಡು; ಆ ಕಾಡಿನಲ್ಲಿ ಬೇಟೆಯಾಡಿ ಬದುಕುವ ಜನ; ಪಾಳೆಯಗಳಲ್ಲಿ ಮಾಂಸಾಹಾರಿಗಳಾದ ಯೋಧರು. ಇಂಥವರ ನಡುವೆ ಮಾಂಸವನ್ನು ಮುಟ್ಟದ ಮನೆತನವೊಂದು ಅಧಿಕಾರ ನಡೆಸಬೇಕಾಗಿತ್ತು. ನೆರೆಹೊರೆಯವರನ್ನು ದೂರವಿಟ್ಟು ರಾಜ್ಯಭಾರ ಸಾಗದು. ವ್ರತವನ್ನು ಸಡಿಲಿಸಿದರೆ ಧರ್ಮ ಉಳಿಯದು.

ಇಂಥ ನಾಡಿನಲ್ಲಿ ಮಂಗರಸನು ಸಸ್ಯಾಹಾರದ ಸಿರಿಯನ್ನೇ ಎಲೆಯ ತುಂಬ ಬಡಿಸಿ ತೋರಿಸಿದನು. ವಾರ್ಧಕ ಷಟ್ಪದಿಯಲ್ಲಿರುವ ಸೂಪಶಾಸ್ತ್ರದಲ್ಲಿ ಆರು ಅಧ್ಯಾಯಗಳಿವೆ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಪಾಯಸ ಮತ್ತು ಬಗೆಬಗೆಯ ಅನ್ನಗಳಾದ ಮೇಲೆ ತರಕಾರಿಗಳ ಸರದಿ. ಬದನೆಯಿಂದ 20 ಬಗೆ, ಹಲಸಿನಿಂದ 16 ಬಗೆ, ಬಾಳೆಯ ಕಾಯಿ ಮತ್ತು ಹೂವಿನಿಂದ 25 ಬಗೆ! ಕಾಡಿನ ಕಳಲೆಯೂ ಇಲ್ಲಿ ಪಾಕವಾಗುತ್ತದೆ. ಕಾಡಿನವರ ಗುಡಿಸಲಿನ ಒಲೆಯ ಮೇಲೂ ಶ್ರಾವಕನ ಅಡಿಗೆಮನೆಯಲ್ಲಿಯೂ ಬೇಯಬಲ್ಲ ಪದಾರ್ಥವಿದು. ಮೆಣಸಿನಕಾಯಿಯಾಗಲಿ ಆಲೂಗಡ್ಡೆಯಾಗಲಿ ಈ ನಾಡಿನ ಅಡಿಗೆಗೆ ಇನ್ನೂ ಬಂದಿರದಿದ್ದ ಕಾಲದಲ್ಲಿ ಇಷ್ಟೊಂದು ರುಚಿಯ ವೈವಿಧ್ಯವಿತ್ತೆಂಬುದು ಆಶ್ಚರ್ಯಕರ. ಇಂದು ಅನೇಕ ವ್ರತಿಗಳು ಬಹುಬೀಜವೆಂದು ಬದನೆಯನ್ನೂ, ಎಳೆಯ ಮೊಳಕೆಯೆಂದು ಕಳಲೆಯನ್ನೂ ವರ್ಜಿಸುತ್ತಾರೆ. ಅದು ಅವರವರು ಸ್ವೀಕರಿಸಿದ ನಿಯಮ. ಮಾಂಸದ ತ್ಯಾಗದಲ್ಲಿ ಮಾತ್ರ ಎರಡು ಮಾತಿಲ್ಲ.

ಸೂಪಶಾಸ್ತ್ರವು ಹುಟ್ಟುವ ಮೊದಲೇ ಅರಸರ ಅಡಿಗೆಯನ್ನು ವರ್ಣಿಸಿದ ಗ್ರಂಥಗಳಿದ್ದವು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಹಂದಿ, ಮೀನು, ಆಮೆಗಳ ಪಾಕವೂ ಇದೆ. ಮಂಗರಸನ ಗ್ರಂಥವೋ ಸಂಪೂರ್ಣ ಸಸ್ಯಪಾಕ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಹಲಸು ಹಲಸಾಗಿಯೇ, ಬಾಳೆ ಬಾಳೆಯಾಗಿಯೇ ಎಲೆಗೆ ಬರುತ್ತದೆ. ಅದಕ್ಕೆ ಪ್ರಾಣಿಯ ವೇಷ ತೊಡಿಸುವ ಅಗತ್ಯ ಆತನಿಗೆ ಬೀಳಲಿಲ್ಲ.

ಈ ವೇಷದ ಪ್ರಶ್ನೆ ಜೈನರಿಗೆ ಹೊಸದಲ್ಲ. ಜನ್ನಕವಿಯು 1209ರಲ್ಲಿ ರಚಿಸಿದ ಯಶೋಧರಚರಿತೆಯ ಕಥೆ ಮನೆಮನೆಗೂ ತಿಳಿದದ್ದು. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವವಿರುವ ಕೋಳಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ರಕ್ತ ಹರಿಯಲಿಲ್ಲ, ಆದರೆ ಕೊಲ್ಲುವ ಸಂಕಲ್ಪವು ಮನಸ್ಸಿನಲ್ಲಿ ನಡೆದೇ ಹೋಯಿತು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು.

ಇಂದು ಈ ಪ್ರಶ್ನೆ ಮತ್ತೆ ಎದ್ದಿದೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡಿದ ಮೀಲ್‌ಮೇಕರ್ ಉಂಡೆಗಳು ಪೇಟೆಯಲ್ಲಿ ದೊರೆಯುತ್ತವೆ. ಅವುಗಳ ತೂಕದಲ್ಲಿ ಸುಮಾರು ಅರ್ಧದಷ್ಟು ಸಸಾರಜನಕ. ಎಳೆ ಹಲಸಿನಕಾಯಿ ಬೆಂದಾಗ ಎಳೆಎಳೆಯಾಗಿ ಬಿಡಿಸಿಕೊಂಡು ಮಸಾಲೆಯನ್ನು ಹೀರುವುದರಿಂದ ಅದನ್ನು ಮಾಂಸಕ್ಕೆ ಬದಲಿಯೆಂದು ಹೊರದೇಶಗಳಲ್ಲಿಯೂ ಮಾರುತ್ತಾರೆ. ಹಲಸಿನಲ್ಲಿ ಸಸಾರಜನಕ ಕಡಿಮೆ. ಆ ಕೊರತೆಯನ್ನು ಬೇಳೆಕಾಳುಗಳೇ ತುಂಬಬೇಕು. ಇವನ್ನು ಸವಿಯುವುದು ದೋಷವೇ? ಸೋಯಾ ಕೂಡ ಒಂದು ಕಾಳು, ಹಲಸು ಕೂಡ ಒಂದು ಕಾಯಿ. ಅವುಗಳ ರುಚಿಯನ್ನು ಮೆಚ್ಚಿ ಉಂಡರೆ ದೋಷವಿಲ್ಲ. ಪ್ರಾಣಿಯ ಆಕಾರ ಕೊಟ್ಟು, ಪ್ರಾಣಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಉಂಡರೆ ಹಿಟ್ಟಿನ ಕೋಳಿಯನ್ನು ನೆನೆಯಬೇಕಾಗುತ್ತದೆ. ಮಾಂಸ ತಿನ್ನುತ್ತಿದ್ದವನು ಅದನ್ನು ಬಿಡಲು ಈ ಬದಲಿಯ ಆಸರೆ ಹಿಡಿದರೆ ಅದು ಮೇಲಕ್ಕೇರುವ ಮೆಟ್ಟಿಲು. ಅಷ್ಟರಮಟ್ಟಿಗೆ ಒಂದು ಜೀವ ಉಳಿಯಿತು.

ಮಾಂಸಾಹಾರಿಗಳೊಡನೆ ಬಾಳುವ ಬಗೆಗೂ ಮಂಗರಸನ ಸಮ್ಯಕ್ತ್ವಕೌಮುದಿಯ ಕಥಾಪರಂಪರೆಯಲ್ಲಿ ಬೆಳಕಿದೆ. ಅರ್ಹದ್ದಾಸ ಶ್ರೇಷ್ಠಿಯ ಮನೆಯಲ್ಲಿ ಕೌಮುದಿಯ ರಾತ್ರಿ ನಡೆಯುವ ಕಥೆಗಳಲ್ಲಿ ಉಮಯನ ಕಥೆ ಒಂದು. ದುರ್ವ್ಯಸನಗಳಿಂದ ಮನೆ ಬಿಟ್ಟು ಹೋಗಬೇಕಾಗಿ ಬಂದ ಈ ತರುಣನು, ಹೆಸರು ತಿಳಿಯದ ಹಣ್ಣನ್ನು ತಿನ್ನೆನೆಂದು ಮುನಿಯಿಂದ ವ್ರತ ಪಡೆದನು. ಕಾಡಿನಲ್ಲಿ ದಾರಿ ತಪ್ಪಿದಾಗ ಹಸಿದ ಸಂಗಡಿಗರು ನೋಡಲು ಸೊಗಸಾದ ವಿಷಫಲವನ್ನು ತಿಂದು ಬಿದ್ದರು. ಉಮಯನು ಹಸಿವನ್ನು ಸಹಿಸಿ ಉಳಿದನು. ವ್ರತಕ್ಕೆ ಮೆಚ್ಚಿ ವನದೇವತೆ ವರ ಕೊಡಬಂದಾಗ ಆತನು ಕೇಳಿದ್ದು ಸಿರಿಸಂಪತ್ತನ್ನಲ್ಲ. ಬಿದ್ದ ಸಂಗಡಿಗರನ್ನು ಎಬ್ಬಿಸಿ ಊರಿನ ದಾರಿ ತೋರೆಂದು ಬೇಡಿದನು. ತಾನು ತಿನ್ನದುದನ್ನು ಅವರು ತಿಂದರೆಂದು ಅವರನ್ನು ಹಳಿಯಲಿಲ್ಲ, ಬಿಟ್ಟು ಹೋಗಲೂ ಇಲ್ಲ.

ಜೈನರ ಮಕ್ಕಳು ಇಂದು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಮೈಸೂರು, ಬೆಂಗಳೂರು, ಹೊರದೇಶಗಳಲ್ಲಿ ಎಲ್ಲ ಆಹಾರಪದ್ಧತಿಯವರೊಡನೆ ಒಂದೇ ಕೊಠಡಿಯಲ್ಲಿ ಇರಬೇಕಾಗಿದೆ. ಪಾತ್ರೆ ಬೇರೆಯಾಗಿರಲಿ, ಪ್ರೀತಿ ಬೇರೆಯಾಗದಿರಲಿ. ಗೆಳೆಯರನ್ನು ಮನೆಗೆ ಕರೆದು ಹಲಸಿನ ಪಲ್ಯ, ಬಾಳೆಹೂವಿನ ಹುಳಿ, ಪಾಯಸಗಳನ್ನು ಆದರದಿಂದ ಬಡಿಸಿದರೆ ಎಷ್ಟೋ ವಾದಗಳಿಗಿಂತ ಅದು ಹೆಚ್ಚಿನ ಧರ್ಮಪ್ರಭಾವನೆ. ಕಲ್ಲಹಳ್ಳಿಯ ಪ್ರಭು ಐದು ಶತಮಾನಗಳ ಹಿಂದೆ ಬಡಿಸಿದ ಎಲೆ ಇನ್ನೂ ಹಾಸಿಯೇ ಇದೆ. ಪ್ರತಿಷ್ಠಾಮಹೋತ್ಸವದ ಈ ಪುಣ್ಯಕಾಲದಲ್ಲಿ ಶ್ರಾವಕ ಶ್ರಾವಿಕೆಯರು ಆ ಮಹನೀಯನನ್ನು ಸ್ಮರಿಸಿ, ತಮ್ಮ ಅಡಿಗೆಮನೆಗಳಲ್ಲಿಯೂ ಅಹಿಂಸೆಯ ದೀಪವನ್ನು ಬೆಳಗಿಸಲಿ.